ಚುಕ್ಕೆಗೆರೆಯ ಬಾಣ

ನಮ್ಮ ಮನೆಯಲ್ಲಿ ನನ್ನ ಲೆಕ್ಕ ತಪ್ಪಬಹುದು ಎಂದರೆ ಯಾರೂ ನಂಬುವುದಿಲ್ಲ. ಈ ಮಾತನ್ನು ನಾಲ್ಕು ಜನರೆದುರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕಾಲ ಒಂದಿತ್ತು. ಯಾಪಲದಿನ್ನಿಯಲ್ಲಿ ಒಂದು ಹಿಂಡು ಕುರಿ, ಎರಡು ತುಂಡು ಎರೆಹೊಲ ನಂಬಿ ಬದುಕಿದ ಮನೆತನ ನಮ್ಮದು. ಅದರಲ್ಲಿ ಎಂಎಸ್ಸಿ ತನಕ ಗಣಿತ ಓದಿದವಳು ನಾನೊಬ್ಬಳೇ. ಈಗ ಮಾನ್ವಿಯ ಡಿಗ್ರಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ. ಹನ್ನೊಂದು ವರ್ಷದಿಂದ ಅತಿಥಿಯಾಗಿಯೇ ಇದ್ದೇನೆ. ಅಷ್ಟು ವರ್ಷ ಉಳಿದ ಅತಿಥಿಯನ್ನು ನಮ್ಮೂರಲ್ಲಾದರೆ ರೊಟ್ಟಿ ಬಡಿಯಲು ಕೂರಿಸಿ ಮನೆಯವಳನ್ನಾಗಿ ಮಾಡಿಕೊಳ್ಳುತ್ತಾರೆ. ಸರ್ಕಾರಕ್ಕೆ ಅಷ್ಟು ಸಲಿಗೆ ಇಲ್ಲ.

ನನ್ನ ಮದುವೆಯ ಮಾತು ಬಂದಾಗೆಲ್ಲ ಮೊದಲು ಓದು ಮುಗಿಯಲಿ ಎಂದೆ, ಆಮೇಲೆ ನೌಕರಿ ಕಾಯಂ ಆಗಲಿ ಎಂದೆ, ಅಷ್ಟರಲ್ಲಿ ಕೇಳುವವರೇ ನಿಂತುಹೋದರು. ನಾನು ಗೆದ್ದೆ ಎಂದುಕೊಂಡೆ. ರಾಯಚೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಮಾಡಿಕೊಂಡು, ಬೆಳಿಗ್ಗೆ ಮಾನ್ವಿ ಬಸ್ಸು ಹತ್ತಿ, ಸಂಜೆ ಇಳಿದು ಬರುವುದು ರೂಢಿಯಾಯಿತು. ಹತ್ತನೇ ತರಗತಿ ಮುಗಿದ ಮೇಲೆ ತಂಗಿಯನ್ನು ನನ್ನ ಬಳಿಯೇ ಕರೆದುಕೊಂಡು ಬಂದೆ. ನನಗೂ ಅವಳಿಗೂ ಹದಿನಾರು ವರ್ಷ ಅಂತರ. ನಡುವೆ ಒಬ್ಬ ತಮ್ಮ, ಅವನು ಊರಲ್ಲಿ ಅಪ್ಪನ ಜೊತೆ ಹೊಲ, ಕುರಿ ನೋಡಿಕೊಂಡಿದ್ದಾನೆ.

ತಂಗಿ ಬುದ್ಧಿವಂತೆ ಎಂದು ನನಗೆ ಗೊತ್ತಾದದ್ದು ಅಂಕಪಟ್ಟಿ ನೋಡಿ ಅಲ್ಲ. ಒಂದು ಬೇಸಿಗೆಯಲ್ಲಿ ಊರಿಗೆ ಹೋಗಿದ್ದಾಗ ಅವಳು ನಮ್ಮ ಎರೆಹೊಲದ ಬಿರುಕುಗಳ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಳು. "ಅಕ್ಕಾ, ಹೊಸದಾಗಿ ಬಿರುಕು ಬಿಟ್ಟಲ್ಲಿ ಒಂದು ಗೆರಿ ಇನ್ನೊಂದಕ್ಕ ನೆಟ್ಟಗ ಹೋಗಿ ಬಡದದ. ಹಳೇ ಬಿರುಕಿನಾಗ ಹಂಗಿಲ್ಲ, ಮೂರು ಗೆರಿ ಒಂದ ಕಡಿ ಕೂಡ್ಯಾವ, ಮೂರೂ ಮೂಲಿ ಒಂದ ಸಮ ಅದಾವ. ಯಾಕ?" ಎಂದಳು. ಹದಿನೇಳು ವರ್ಷದ ಹುಡುಗಿ. ಹುಟ್ಟಿದಾಗಿನಿಂದ ಆ ಹೊಲ ತುಳಿದ ನನಗೆ ಅದು ಕಂಡಿರಲಿಲ್ಲ. ಮಣ್ಣು ಪ್ರತಿವರ್ಷ ನೆನೆದು ಒಣಗಿ, ಮತ್ತೆ ನೆನೆದು ಒಣಗಿ, ಕಡಿಮೆ ಶ್ರಮದ ಆಕಾರವನ್ನು ಹುಡುಕಿಕೊಳ್ಳುತ್ತದೆ ಎಂದು ಪುಸ್ತಕ ತೆಗೆದು ಓದಿ ಅವಳಿಗೆ ಹೇಳಿದೆ. ಅವತ್ತೇ ತೀರ್ಮಾನಿಸಿದೆ: ಇವಳು ಬಿಎಸ್ಸಿ ಮುಗಿಸಬೇಕು, ಎಂಎಸ್ಸಿ ಮಾಡಬೇಕು, ನನ್ನ ಹಾಗೆ ಅತಿಥಿಯಾಗಿ ಉಳಿಯದೆ ಮುಂದೆ ಹೋಗಬೇಕು. ನನ್ನ ಜೀವನದಲ್ಲಿ ಆಗ ಇದ್ದ ಆಸೆ ಇದೊಂದೇ. ಅದು ಅವಳ ಆಸೆಯೂ ಹೌದೆಂದು ನಾನು ಕೇಳಿಯೇ ಖಾತ್ರಿ ಮಾಡಿಕೊಂಡಿದ್ದೆ.

ಅವಳು ಬಿಎಸ್ಸಿಯ ಕೊನೆಯ ವರ್ಷಕ್ಕೆ ಬಂದಾಗ ದೇವದುರ್ಗದಲ್ಲಿ ಒಂದು ದಿನದ ವಿಚಾರ ಸಂಕಿರಣ ಇಟ್ಟರು. ನಿಸರ್ಗ ಮತ್ತು ಸಮಾಜದಲ್ಲಿ ಕಾಣುವ ವಿನ್ಯಾಸಗಳು, ಅಲೆಗಳು, ಅವುಗಳ ಗಣಿತ ಎಂಬುದು ವಿಷಯ. ನನಗೂ ಒಂದು ಪ್ರಬಂಧ ಮಂಡಿಸಲು ಕರೆ ಬಂತು. ಎಲ್ಲರೂ ಸೂರ್ಯಕಾಂತಿಯ ಸುರುಳಿ ಎಣಿಸುತ್ತಾರೆ, ಶಂಖ ತೋರಿಸುತ್ತಾರೆ ಎಂದು ನನಗೆ ಮೊದಲೇ ಗೊತ್ತಿತ್ತು. ನಾನು ಬೇರೆ ಏನಾದರೂ ಮಾಡಬೇಕೆಂಬ ಹಟ. ಹಟ ನನ್ನ ಹುಟ್ಟುಗುಣ.

ನಮ್ಮ ವಿಭಾಗದ ಮುಖ್ಯಸ್ಥರು ಮಾನ್ವಿಯವರೇ, ತಲೆತಲಾಂತರದಿಂದ ಗುಡಿಯ ಸೇವೆಯಲ್ಲಿದ್ದ ಮನೆತನದವರು. ಯಾವುದೋ ಮಾತಿಗೆ ತಮ್ಮ ಮನೆಯ ವಂಶಾವಳಿಯನ್ನು ತಂದು ತೋರಿಸಿದರು. ಹದಿನಾಲ್ಕು ತಲೆಮಾರು, ಮುತ್ತಿನಂಥ ಅಕ್ಷರ, ಒಂದೇ ಒಂದು ಹೆಂಗಸಿನ ಹೆಸರಿಲ್ಲ.

"ಸರ್, ಹದಿನಾಲ್ಕು ತಲಿ ಗಂಡಸರಿಗೇ ಗಂಡಸರು ಹುಟ್ಯಾರೇನ್ರಿ?" ಎಂದೆ.

ಅವರು ಬೇಸರ ಮಾಡಿಕೊಳ್ಳದೆ ನಕ್ಕರು. "ಹುಡುಗ್ಯಾರು ಬ್ಯಾರೆ ಮನಿಗಿ ಹೋಗಿಬಿಡತಾರಲ್ರಿ ಮೇಡಂ. ಅವರನ್ನ ಎಲ್ಲಿ ಬರೀಬೇಕು?"

ಬಸ್ಸಿನಲ್ಲಿ ರಾಯಚೂರಿಗೆ ಬರುವಾಗ ಅದೇ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಹೋಗುವವರನ್ನೇ ಬರೆದರೆ ಏನು ಎನ್ನಿಸಿತು. ಗಂಡಸರು ಇದ್ದಲ್ಲೇ ಇರುತ್ತಾರೆ, ಅವರು ಚುಕ್ಕೆಗಳು. ಹೆಣ್ಣು ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಾಳೆ, ಅವಳು ಬಾಣದ ಗುರುತು. ಬಾಣಗಳನ್ನೆಲ್ಲ ಕೂಡಿಸಿ ನೋಡಿದರೆ ವಿನ್ಯಾಸವೊಂದು ಕಾಣಲೇಬೇಕು.

ಕಾಣುತ್ತದೆಂದು ನನಗೆ ಬಾಲ್ಯದಿಂದಲೇ ಅನುಮಾನವಿತ್ತು. ನಮ್ಮ ಅವ್ವ ಗಿಲ್ಲೆಸುಗೂರಿನವಳು. ಅವಳು ನಮ್ಮ ಮನೆಗೆ ಬಂದ ದಿನವೇ, ಅದೇ ಹಂದರದಲ್ಲಿ, ಅಪ್ಪನ ತಂಗಿಯನ್ನು ಅವ್ವನ ಅಣ್ಣನಿಗೆ ಕೊಟ್ಟರು. ಒಂದು ಹೆಣ್ಣು ಕೊಟ್ಟು ಒಂದು ಹೆಣ್ಣು ತಂದರು. ನಾನು ಚಿಕ್ಕವಳಿದ್ದಾಗ ಅತ್ತೆ ಒಮ್ಮೆ ಗಂಡನ ಜೊತೆ ಜಗಳ ಮಾಡಿಕೊಂಡು ಗಂಟು ಕಟ್ಟಿಕೊಂಡು ನಮ್ಮ ಮನೆಗೆ ಬಂದಳು. ಮರುದಿನ ಅಜ್ಜ ನಮ್ಮ ಅವ್ವನನ್ನು ಗಿಲ್ಲೆಸುಗೂರಿನ ಬಸ್ಸು ಹತ್ತಿಸಿದ. ಅವ್ವ ಯಾರ ಜೊತೆಗೂ ಜಗಳವಾಡಿರಲಿಲ್ಲ. "ನಂದೇನು ತಪ್ಪಬೇ ಯವ್ವಾ?" ಎಂದು ಅಜ್ಜಿಯನ್ನು ಕೇಳಿದಳು. ಅಜ್ಜಿ ಅವಳ ಸೆರಗಿಗೆ ರೊಟ್ಟಿ ಕಟ್ಟಿದಳು. ಕೊನೆಗೆ ಅತ್ತೆಯ ಜಗಳ ಬಗೆಹರಿದು ಅವಳು ಗಂಡನ ಮನೆಗೆ ಹೋದ ದಿನ ಅವ್ವನೂ ನಮ್ಮ ಮನೆಗೆ ವಾಪಸು ಬಂದಳು. ಮುಂದೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದೇ ದಾರಕ್ಕೆ ಎರಡು ಲೋಲಕ ಕಟ್ಟಿ ತೋರಿಸಿದರು. ಒಂದನ್ನು ತೂಗಿಬಿಟ್ಟರೆ ಸ್ವಲ್ಪ ಹೊತ್ತಿಗೆ ಅದು ನಿಧಾನವಾಗುತ್ತದೆ, ಯಾರೂ ಮುಟ್ಟದ ಇನ್ನೊಂದು ತೂಗಾಡತೊಡಗುತ್ತದೆ. ಇಡೀ ತರಗತಿ ಬೆರಗಾಯಿತು. ನನಗೆ ಅವ್ವನ ಮುಖ ನೆನಪಾಗಿ ಅಳು ಬಂತು.

ಪ್ರಬಂಧಕ್ಕಾಗಿ ಭಾನುವಾರಗಳಲ್ಲಿ ಯಾಪಲದಿನ್ನಿಗೆ ಹೋಗಿ ಅಜ್ಜಿಯ ಮುಂದೆ ಕುಳಿತೆ. ಅಪ್ಪನ ತಾಯಿ ಅವಳು. ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಖಡಕ್ಕು. ಯಾರ ಮಗಳು ಯಾವ ಮನೆಗೆ ಹೋದಳು, ಅವಳ ಮಗಳು ಎಲ್ಲಿಗೆ ಬಂದಳು ಎಂದು ಒಂದೂ ತಪ್ಪದೆ ಹೇಳುತ್ತಿದ್ದಳು. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದುಮುಂದು ಅಂಟಿಸಿ ನಾನು ನಕ್ಷೆ ಬರೆಯುತ್ತಾ ಹೋದೆ. ಆದರೆ ಅಜ್ಜಿಗೆ ಓದಲು ಬಾರದು, ಬರೆದದ್ದು ಸರಿಯೋ ತಪ್ಪೋ ಅವಳೇ ಹೇಳಬೇಕು. ಆಗ ನನಗೊಂದು ಉಪಾಯ ಹೊಳೆಯಿತು.

ಕುರಿ ಸಾಕುವ ನಮ್ಮ ಮನೆಗಳಲ್ಲಿ ಮರಿಯ ಕಿವಿಗೆ ಒಂದು ಗುರುತು ಹಾಕುತ್ತಾರೆ. ಹಿಂಡು ಹಿಂಡು ಬೆರೆತರೂ ಯಾರ ಮರಿ ಯಾರದೆಂದು ತಿಳಿಯಬೇಕಲ್ಲ. ನಮ್ಮದು ಎಡಗಿವಿಯ ತುದಿ ಸೀಳಿದ್ದು. ಗಿಲ್ಲೆಸುಗೂರಿನ ಮನೆಯದು ಬಲಗಿವಿಗೆ ಎರಡು ಕಚ್ಚು. ಅಜ್ಜಿಯ ತವರು ಕೃಷ್ಣಾ ದಂಡೆಯ ಗೂಗಲ್, ಅವರದು ಕಿವಿಯ ಕೆಳಗಿನ ಅಂಚಿನಲ್ಲಿ ಅರ್ಧ ಚಂದ್ರದಷ್ಟು ಕತ್ತರಿಸಿದ್ದು. ಮನೆಗಳ ಹೆಸರು ಬರೆಯುವ ಬದಲು ನಾನು ಈ ಕಿವಿಗಳನ್ನೇ ಬರೆದೆ. ಅಜ್ಜಿ ಹಾಳೆಯ ಮೇಲೆ ಬೆರಳಾಡಿಸುತ್ತಾ "ಇದು ನಮ್ಮ ಮನಿ, ಇದು ನನ್ನ ತವರ್ಮನಿ, ಇಲ್ಲಿ ನಾ ಬಂದೀನಿ" ಎಂದು ಓದಿದಳು. ಜೀವನದಲ್ಲಿ ಮೊದಲ ಸಲ ಕಾಗದ ಓದಿದ ಸಂಭ್ರಮ ಅವಳಿಗೆ. ನನಗೋ, ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಳ್ಳುವಷ್ಟು ಖುಷಿ.

ನಕ್ಷೆ ತುಂಬಿದಂತೆ ವಿನ್ಯಾಸ ತಾನಾಗಿ ಮೇಲೆದ್ದು ಬಂತು. ಗಿಲ್ಲೆಸುಗೂರಿನ ಹಾಗೆ ಒಂದೇ ದಿನ ಅದಲುಬದಲಾದರೆ ಲೆಕ್ಕ ಅಲ್ಲೇ ಚುಕ್ತಾ, ಇಲ್ಲದಿದ್ದರೆ ಒಂದು ತಲೆಮಾರು ಕಾಯಬೇಕು. ಒಂದು ಮನೆಯಿಂದ ಒಂದು ತಲೆಮಾರಿನಲ್ಲಿ ಹೆಣ್ಣು ಹೊರಟರೆ, ಮುಂದಿನ ತಲೆಮಾರಿನಲ್ಲಿ ಅವಳು ಹೋದ ಮನೆಯಿಂದ ಇಲ್ಲಿಗೆ ಒಬ್ಬಳು ಬರುತ್ತಾಳೆ. ಆಮೇಲೆ ಮತ್ತೆ ಇಲ್ಲಿಂದ ಅಲ್ಲಿಗೆ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಎರಡು ತಲೆಮಾರಿಗೆ ಒಂದು ಸುತ್ತು ಮುಗಿಸುವ ಅಲೆ. ರಾಯಚೂರಿನ ಮನೆಯಲ್ಲಿ ಬಾಗಿಲಿನಿಂದ ಕಿಟಕಿಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದೆವು. ತಂಗಿ ಅದನ್ನು ಮಿಡಿದು ತೋರಿಸಿದಳು. ಎರಡೂ ತುದಿ ಬಿಗಿದ ಹಗ್ಗದಲ್ಲಿ ಅಲೆ ಎಲ್ಲಿಗೂ ಹೋಗುವುದಿಲ್ಲ, ನಡುವೆ ಏಳುತ್ತದೆ, ಇಳಿಯುತ್ತದೆ, ಅಷ್ಟೇ. "ಅಕ್ಕಾ, ನೀರಿನಾಗ ಅಲಿ ಹೋಗತದ, ನೀರು ಅಲ್ಲೇ ಇರತದ. ನಿನ್ನ ಚಿತ್ರದಾಗ ಉಲ್ಟಾ ಅದ. ಹೆಣ್ಣಮಕ್ಕಳು ಹೋಗತಾರ, ಅಲಿ ಅಲ್ಲೇ ನಿಂತದ," ಎಂದಳು. ಆ ವಾಕ್ಯವನ್ನು ಹಾಗೆಯೇ ಪ್ರಬಂಧದಲ್ಲಿ ಸೇರಿಸಿದೆ. ಅವಳ ಹೆಸರು ಹೇಳಿಯೇ ಓದುತ್ತೇನೆ ಎಂದಾಗ ನಾಚಿಕೊಂಡಳು.

ಇಡೀ ನಕ್ಷೆಯಲ್ಲಿ ಒಂದೇ ಒಂದು ಕಡೆ ವಿನ್ಯಾಸ ತಪ್ಪಿತ್ತು. ಗೂಗಲ್ ಮನೆಯಿಂದ ಅಜ್ಜಿ ನಮ್ಮ ಮನೆಗೆ ಬಂದಿದ್ದಳು. ಅವಳ ಮಗಳು ಅಲ್ಲಿಗೆ ಹೋಗಬೇಕಿತ್ತು. ಹೋಗಿರಲಿಲ್ಲ, ಗಿಲ್ಲೆಸುಗೂರಿಗೆ ಹೋಗಿದ್ದಳು. ಯಾಕೆಂದು ಅಜ್ಜಿಯನ್ನು ಕೇಳಿದೆ.

"ನಮ್ಮಣ್ಣನ ಮಗ ಆಗ ಸಣ್ಣಾವ ಇದ್ನವ್ವಾ. ನಿಮ್ಮತ್ತಿ ದೊಡ್ಡಾಕಿ ಆಗಿದ್ಲು. ಎಲ್ಲೀತನಾ ಕಾಯೋದು? ಆಮ್ಯಾಲ ಹಂಗೇ ಉಳೀತು," ಎಂದು ಅಜ್ಜಿ ಬೇರೆ ಕಡೆ ನೋಡಿದಳು.

ಸರಣಿಯಲ್ಲಿ ಒಂದು ಪದ ಬಿಟ್ಟುಹೋಗಿದ್ದರೆ ಗಣಿತದವರ ಕೈ ಸುಮ್ಮನಿರುವುದಿಲ್ಲ. ನಮ್ಮ ಮನೆಯ ಕಿವಿಯಿಂದ ಗೂಗಲ್ಲಿನ ಕಿವಿಗೆ ಕೆಂಪು ಪೆನ್ನಿನಲ್ಲಿ ಚುಕ್ಕೆಗೆರೆಯ ಬಾಣವೊಂದನ್ನು ಎಳೆದೆ. ಇಲ್ಲಿ ಒಂದು ಬಾಣ ಇರಬೇಕಿತ್ತು, ಇಲ್ಲ ಎಂದು ಅದರ ಅರ್ಥ. ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬಿರಿ ಎಂದು ಕೊಡುವಾಗ ಅಡಿಗೆರೆ ಹಾಕುತ್ತೇವಲ್ಲ, ಅಷ್ಟೇ ಯೋಚನೆ ಇಲ್ಲದೆ ಎಳೆದ ಗೆರೆ.

ದೇವದುರ್ಗದ ಸಂಕಿರಣಕ್ಕೆ ತಂಗಿಯೂ ಬಂದಳು. ಗೋಡೆಗೆ ನಕ್ಷೆ ಅಂಟಿಸಿದವಳು ಅವಳೇ. ನನ್ನ ಮಾತು ಚೆನ್ನಾಗಿಯೇ ಆಯಿತು. ಸೂರ್ಯಕಾಂತಿಯವರಿಗಿಂತ ನನಗೇ ಹೆಚ್ಚು ಚಪ್ಪಾಳೆ ಬಿತ್ತು ಎಂದು ಈಗ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ, ಆದರೂ ಬಿದ್ದದ್ದು ನಿಜ. ಮಾತು ಮುಗಿಸಿ ಇಳಿದಾಗ ಹಿಂದಿನ ಸಾಲಿನಿಂದ ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಹಿರಿಯರೊಬ್ಬರು ಎದ್ದು ಬಂದರು. ಅಜ್ಜಿಯ ಅಣ್ಣನ ಮಗ, ಆಗ ಸಣ್ಣವನಿದ್ದ ಅದೇ ಹುಡುಗ, ಈಗ ಐವತ್ತು ದಾಟಿದ ಗೂಗಲ್ ಮಾವ. ಮೊಮ್ಮಗಳು ದೇವದುರ್ಗದಲ್ಲಿ ಭಾಷಣ ಮಾಡುತ್ತಾಳೆ ಎಂದು ಅಜ್ಜಿ ಫೋನಿನಲ್ಲಿ ಹೇಳಿದ್ದಳಂತೆ. ಮರಿ ಮಾರಲು ಸಂತೆಗೆ ಬಂದವರು ಹಾಗೆಯೇ ಬಂದು ಕುಳಿತಿದ್ದರು.

"ಯವ್ವಾ, ಈ ಗುರ್ತು ನಮ್ಮ ಮನೀದಲ್ಲ?" ಅರ್ಧ ಚಂದ್ರದ ಕಿವಿಯ ಮೇಲೆ ಬೆರಳಿಟ್ಟು ಕೇಳಿದರು.

"ಹೌದ್ರಿ ಮಾವ," ಎಂದೆ.

ಅವರು ಒಂದೊಂದೇ ಬಾಣ ಹಿಡಿದು ಬೆರಳು ನಡೆಸಿದರು. ಅಕ್ಷರ ಬಾರದ ಮನುಷ್ಯ, ನನ್ನ ಎಂಎಸ್ಸಿ ಮಾಡಿದ ಸಹೋದ್ಯೋಗಿಗಳಿಗಿಂತ ಬೇಗ ನಕ್ಷೆ ಓದಿದರು. ಕೆಂಪು ಗೆರೆಯ ಬಳಿ ಬೆರಳು ನಿಂತಿತು.

"ಇದ್ಯಾಕ ತುಂಡ ತುಂಡ ಅದ?"

ನಾನು ಇನ್ನೂ ಭಾಷಣದ ಬಿಸಿಯಲ್ಲೇ ಇದ್ದೆ. "ಇಲ್ಲೊಂದು ಹೆಣ್ಣು ನಮ್ಮ ಮನಿಯಿಂದ ನಿಮ್ಮ ಮನಿಗಿ ಹೋಗಬೇಕಿತ್ರಿ ಮಾವ. ಹೋಗಿಲ್ಲ. ಎಲ್ಲಾ ಕಡಿ ಬರೋಬ್ಬರಿ ಅದ, ಇದೊಂದ ಕಡಿ ತಪ್ಪೇದ," ಎಂದು ವಿವರಿಸಿದೆ. ಕಡ್ಡಿ ಹಿಡಿದು ತೋರಿಸಿದೆ ಕೂಡ.

ಮಾವ ಆ ಕೆಂಪು ಗೆರೆಯ ಮೇಲೆ ಇನ್ನೊಮ್ಮೆ ಬೆರಳೆಳೆದರು. ಆಮೇಲೆ ಮೆಲ್ಲಗೆ ಹೇಳಿದರು: "ನಾವು ಮರ್ತಿದ್ವಿ. ನೀ ನೆಪ್ಪ ಇಟ್ಟಿ ನೋಡು." ನಕ್ಷೆಯ ಇನ್ನೊಂದು ತುದಿಯನ್ನು ಸುತ್ತುತ್ತಿದ್ದ ತಂಗಿಯ ಕಡೆ ತಿರುಗಿದರು. "ಈಕಿ ಸಣ್ಣಾಕೇನು?"

ನನಗೆ ಏನೂ ಹೊಳೆಯಲಿಲ್ಲ. ಲೆಕ್ಕದಲ್ಲಿ ಅಷ್ಟು ಚುರುಕಾದವಳಿಗೆ ಅಷ್ಟೂ ಹೊಳೆಯಲಿಲ್ಲ. ಮಾವ ನಮ್ಮನ್ನು ಬಸ್‌ಸ್ಟ್ಯಾಂಡಿನ ಹತ್ತಿರ ಕರೆದುಕೊಂಡು ಹೋಗಿ ಮಿರ್ಚಿ ಭಜಿ, ಚಹಾ ಕೊಡಿಸಿದರು. ಇಬ್ಬರೂ ನಗುನಗುತ್ತಾ ತಿಂದೆವು.

ಎಂಟು ದಿನಕ್ಕೆ ಅಪ್ಪನ ಫೋನು ಬಂತು. ಗೂಗಲ್ ಮಾವ ಇಬ್ಬರು ಹಿರಿಯರನ್ನು ಕರೆದುಕೊಂಡು ಮನೆಗೆ ಬಂದಿದ್ದಾರೆ, ತಮ್ಮ ಮಗನಿಗೆ ಸಣ್ಣಾಕಿಯನ್ನು ಕೇಳುತ್ತಿದ್ದಾರೆ. "ನೀನೇ ಬರದು ತೋರಿಸೀಯಂತಲ್ಲವಾ, ಹೆಣ್ಣು ಬರಬೇಕು ಅಂತ?" ಅಪ್ಪನ ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಒಪ್ಪಿಯೇ ಬರೆದಿದ್ದೇನೆ ಎಂದು ಅವರು ತಿಳಿದಿದ್ದರು.

ಭಾನುವಾರದ ತನಕ ಕಾಯಬೇಕಿತ್ತು, ಕಾಲೇಜಿನಲ್ಲಿ ಪರೀಕ್ಷೆ. ಅಷ್ಟರಲ್ಲಿ ಸುದ್ದಿ ನನಗಿಂತ ಮುಂದೆ ಓಡಿತು. ಊರಿಗೆ ಹೋಗುವ ಬಸ್ಸಿನಲ್ಲಿ ಗಿಲ್ಲೆಸುಗೂರಿನ ಹೆಂಗಸೊಬ್ಬಳು, ನಾನು ಯಾರೆಂದು ತಿಳಿಯದೆ, "ಯಾಪಲದಿನ್ನಿ ಮ್ಯಾಸ್ತರಬಾಯಿ ತನ್ನ ತಂಗೀನ್ನ ಗೂಗಲ್ಲಿಗೆ ಕೊಡಾಕತ್ಯಾಳಂತ," ಎಂದು ನನಗೇ ಹೇಳಿದಳು.

ಮನೆಯಲ್ಲಿ ಅಜ್ಜಿ ಗೋಡೆಗೊರಗಿ ಕುಳಿತಿದ್ದಳು. ನನ್ನನ್ನು ಕಂಡಿದ್ದೇ ಎರಡೂ ಕೈ ಹಿಡಿದು ಅತ್ತಳು. ತವರಿನಿಂದ ಬಂದವಳು ತವರಿಗೆ ಒಂದು ಹೆಣ್ಣು ಕೊಡಲಿಲ್ಲವೆಂದು ಅವಳ ಅಣ್ಣ ಸಾಯುವ ತನಕ ಆಡಿ ತೋರಿಸಿದ್ದನಂತೆ. ಅದನ್ನು ಅಜ್ಜಿ ನನಗೆ ಹೇಳಿರಲಿಲ್ಲ. "ಇಷ್ಟು ವರ್ಷ ಅಲ್ಲಿ ಹೊಸ್ತಲಾ ತುಳಿಯಾಕ ನಾಚಿಕಿ ಬರತಿತ್ತವ್ವಾ. ನೀ ದಾರಿ ತೆರದಿ," ಎಂದಳು. ನನಗೆ ಅಜ್ಜಿಯ ಮೇಲೆ ಸಿಟ್ಟು ಬಂತು, ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು.

ಮಾವನೂ ಬಂದು ಕುಳಿತಿದ್ದರು. ನಾನು ಹಟಕ್ಕೆ ಬಿದ್ದೆ. ಮೊದಲು ರಕ್ತಸಂಬಂಧದ ಮಾತು ತೆಗೆದೆ. ಒಳಗೊಳಗೆ ಮದುವೆ ಮಾಡಿದರೆ ಮಕ್ಕಳಿಗೆ ತೊಂದರೆ ಎಂದೆ.

ಮಾವ ತಲೆಯಾಡಿಸಿದರು. "ಖರೇ ಮಾತು. ಕುರ್ಯಾಗೂ ಅದೇ ಅಲ್ಲೇನು? ಒಂದ ಟಗರು ಬಾಳ ದಿನ ಹಿಂಡಿನಾಗ ಇಡಬಾರದು, ಮರಿ ಸಣಕಲ ಬೀಳತಾವ. ಅದಕ್ಕ ನಾವು ಬದಲಿ ಮಾಡತೀವಿ. ಈಗ ನಡುವ ಒಂದ ತಲಿ ಬಿಟ್ಟು ಬಂದೀವಲ್ಲವ್ವಾ, ದೂರ ಆಗೇದ." ನನಗಿಂತ ಅವರಿಗೇ ಆ ವಿಷಯ ಚೆನ್ನಾಗಿ ಗೊತ್ತಿತ್ತು.

ಆಮೇಲೆ ಸುಳ್ಳು ಹೇಳಿದೆ. "ನನ್ನ ಲೆಕ್ಕ ತಪ್ಪೇದ್ರಿ. ಆ ಕೆಂಪು ಗೆರಿ ತಪ್ಪಾಗಿ ಬಂದದ."

ಅಪ್ಪ ಮೊದಲು ನಕ್ಕರು. ಆಮೇಲೆ ಎಲ್ಲರೂ ನಕ್ಕರು. "ನೀ ಲೆಕ್ಕಾ ತಪ್ಪಾಕಿ ಏನಬೇ? ಮೂರನೇ ಇಯತ್ತೆಗೇ ಮಾಸ್ತರನ ಲೆಕ್ಕಾ ತಿದ್ದಿದಾಕಿ," ಎಂದರು ಅಪ್ಪ. ಅವರ ಮುಖದ ತುಂಬ ಹೆಮ್ಮೆ.

ಉಳಿದದ್ದು ಒಂದೇ. "ಒಂದು ಹೆಣ್ಣು ಹೋಗಬೇಕು ಅಂತಾದ್ರ ನಾ ಹೋಗತೀನಿ. ನನ್ನ ತಗೊಂಡು ಹೋಗ್ರಿ," ಎಂದೆ. ಸಿಟ್ಟಿನಲ್ಲಿ ಅಂದರೂ ಸುಳ್ಳಾಡಲಿಲ್ಲ. ಆ ಗಳಿಗೆಯಲ್ಲಿ ಹೊರಡೆಂದಿದ್ದರೆ ಹೊರಟೇಬಿಡುತ್ತಿದ್ದೆ.

ಈ ಸಲ ಯಾರೂ ನಗಲಿಲ್ಲ. ಮಾವ ಸಮಾಧಾನದಿಂದ ಹೇಳಿದರು: "ಹುಡುಗಗ ಇಪ್ಪತ್ತಾರು. ನಿನಗ ಅಕ್ಕನ ವಯಸ್ಸು. ಮತ್ತ ಆ ಚಿತ್ರದಾಗ ಎಲ್ಲಾರೂ ಅದಾರ, ನೀ ಇಲ್ಲ ನೋಡವ್ವಾ."

ನಿಜ. ಇನ್ನೂ ಎಲ್ಲಿಗೂ ಹೋಗದ ತಂಗಿಗೆ ಒಂದು ಚುಕ್ಕೆ ಇಟ್ಟಿದ್ದೆ, ತಮ್ಮನಿಗೆ ಇಟ್ಟಿದ್ದೆ, ಅವನ ಹೆಂಡತಿಗೆ ಬಾಣ ಎಳೆದಿದ್ದೆ, ಅವರ ಪುಟ್ಟ ಮಗನಿಗೂ ಚುಕ್ಕೆ ಇಟ್ಟಿದ್ದೆ. ನನಗೆ ಇಟ್ಟಿರಲಿಲ್ಲ. ಬರೆಯುವವಳು ಹೊರಗಿರುತ್ತಾಳೆ ಎಂದು ಯಾರೂ ಹೇಳಿಕೊಡದೆಯೇ ಅಂದುಕೊಂಡಿದ್ದೆ.

ಅವ್ವ ಅಷ್ಟು ಹೊತ್ತೂ ಒಲೆಯ ಹತ್ತಿರವೇ ಇದ್ದಳು. ನೀರು ಕುಡಿಯಲು ಒಳಗೆ ಹೋದಾಗ ನನ್ನ ಕಡೆ ನೋಡದೆ, "ಯಾರ ತಪ್ಪೂ ಇರಂಗಿಲ್ಲ ಇದ್ರಾಗ. ಅದಕ್ಕ ಯಾರಿಗೂ ಬೈಯಾಕ ಬರಂಗಿಲ್ಲ," ಎಂದಳು.

ಮುಂದಿನ ಎರಡು ತಿಂಗಳು ಯಾರೂ ಬಲವಂತ ಮಾಡಲಿಲ್ಲ. ಬಲವಂತ ಮಾಡಿದ್ದರೆ ನಾನು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುತ್ತಿದ್ದೆ. ಎಲ್ಲರೂ ತಂಗಿಗೆ "ನಿನ್ನ ಇಷ್ಟವ್ವಾ" ಎಂದೇ ಅಂದರು. ಅತ್ತೆ ಫೋನು ಮಾಡಿ ನಿನ್ನ ಇಷ್ಟ ಎಂದಳು, ತಮ್ಮ ನಿನ್ನ ಇಷ್ಟ ಎಂದ, ಅಜ್ಜಿ ನಿನ್ನ ಇಷ್ಟ ಎಂದು ಅತ್ತಳು. ಹುಡುಗನನ್ನು ದೂರಲು ನನಗೆ ಒಂದು ಕಾರಣವೂ ಸಿಗಲಿಲ್ಲ. ಪಿಯುಸಿ ಓದಿದವನು, ಸಾಧು, ಕುಡಿತವಿಲ್ಲ. ಪರೀಕ್ಷೆ ಬರೆಯಲಿ, ಬೇಡ ಎನ್ನುವವರಾರು ಎಂದು ಮಾವ ಎರಡು ಸಲ ಹೇಳಿದರು. ಹೊರಗೆ ಹೋಗಲು ಬಾಗಿಲು ಎಲ್ಲಾ ಕಡೆ ತೆರೆದೇ ಇತ್ತು, ಪ್ರತಿ ಬಾಗಿಲಲ್ಲೂ ನಮ್ಮವರೇ ಯಾರಾದರೂ ಕಣ್ಣೀರು ಹಾಕಿಕೊಂಡು ನಿಂತಿದ್ದರು.

ನಾನು ತಂಗಿಗೆ ಬೇಡ ಎನ್ನು, ಮಿಕ್ಕಿದ್ದು ನನಗೆ ಬಿಡು ಎಂದು ದಿನಾ ಹೇಳಿದೆ. ಅವಳು ಬಟ್ಟೆ ಮಡಿಚುತ್ತಾ ಕೇಳಿದಳು, "ನಾ ಬ್ಯಾಡಂದ್ರ ಅಜ್ಜಿ ಏನಾಗತಾಳ?"

"ಅಜ್ಜಿ ಏನೂ ಆಗಂಗಿಲ್ಲ."

"ಅಪ್ಪ?"

ಅವಳು ಹಗ್ಗದ ಮೇಲಿನ ಕೊನೆಯ ಬಟ್ಟೆಯನ್ನೂ ತೆಗೆದು ಮಡಿಚಿಟ್ಟಳು. "ಬಿಟ್ಟ ಸ್ಥಳ ತುಂಬ್ರಿ ಅಂತ ನೀನೇ ಕೊಟ್ಟಿದ್ದಿ ಅಕ್ಕಾ. ಅವರು ತುಂಬಿದ್ರು," ಎಂದಳು. ಬೈಗುಳವಾಗಿ ಹೇಳಲಿಲ್ಲ. ಒಂದು ಸಮಸ್ಯೆಗೆ ಉತ್ತರ ಸಿಕ್ಕಾಗ ಹೇಳುವ ಹಾಗೆ ಹೇಳಿದಳು. ಆ ವಾರವೇ ಆಗಲಿ ಎಂದು ಅಪ್ಪನಿಗೆ ಫೋನು ಮಾಡಿದಳು.

ಪಂಚಾಂಗ ನೋಡಿ ಮುಹೂರ್ತ ಇಟ್ಟರು. ವಿಶ್ವವಿದ್ಯಾಲಯ ತನ್ನ ಪಂಚಾಂಗ ನೋಡಿ ಪರೀಕ್ಷೆಯ ವೇಳಾಪಟ್ಟಿ ಬದಲಿಸಿತು. ಅವಳು ಎಲ್ಲಾ ಪತ್ರಿಕೆಗಳನ್ನು ಬರೆದಳು, ಕೊನೆಯದೊಂದು ಬಿಟ್ಟು. ಅದು ಮದುವೆಯ ಮೂರನೇ ದಿನಕ್ಕೆ ಬಿತ್ತು. ಮನೆ ತುಂಬಿಸಿಕೊಂಡ ಸೊಸೆ ಐದು ದಿನ ಹೊಸ್ತಿಲು ದಾಟಬಾರದೆಂಬುದು ಗೂಗಲ್ ಮನೆಯ ರಿವಾಜು. ಮಾವ 'ಪರೀಕ್ಷೆ ಬರೆಯಲಿ' ಎಂದದ್ದು ಸುಳ್ಳಲ್ಲ, ಈ ದಿನವೇ ಬೀಳುತ್ತದೆಂದು ಅವರಿಗೂ ಗೊತ್ತಿರಲಿಲ್ಲ. ನಾನು ಫೋನಿನಲ್ಲಿ ಕೂಗಾಡಿದೆ. ಅವರು ನೊಂದುಕೊಂಡರು, ಮುಂದಿನ ಸಲ ಬರೆಯಲಿ ಎಂದರು. ಮುಂದಿನ ಸಲದ ಹೊತ್ತಿಗೆ ಅವಳಿಗೆ ವಾಂತಿ ಶುರುವಾಗಿತ್ತು. ಬಿಟ್ಟುಹೋದದ್ದು ಅಲೆಯ ಸಮೀಕರಣ ಇದ್ದ ಪತ್ರಿಕೆ. ಅದನ್ನೇ ನಾನು ಮಾನ್ವಿಯಲ್ಲಿ ಪ್ರತಿವರ್ಷ ಪಾಠ ಮಾಡುತ್ತೇನೆ. ಎರಡೂ ತುದಿಗಳು ಕಟ್ಟಿರಲಿ ಎಂದು ಭಾವಿಸೋಣ ಎಂದು ಕಪ್ಪು ಹಲಗೆಯ ಮೇಲೆ ಬರೆದಾಗ ಕೆಲವೊಮ್ಮೆ ಸೀಮೆಸುಣ್ಣದ ಧೂಳೆಂದು ಕೆಮ್ಮಿ ಮುಂದುವರಿಸುತ್ತೇನೆ.

ಬಾಣಂತನಕ್ಕೆ ಅವಳು ಯಾಪಲದಿನ್ನಿಗೆ ಬಂದಳು. ಹೆಣ್ಣು ಮಗು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಗೂಗಲ್ಲಿನಿಂದ ಎಲ್ಲರೂ ಬಂದರು. ಬಿಸಿಲು ಏರುವ ಮೊದಲೇ ಹೆಂಗಸರು ತೊಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿದರು, ಮಗುವನ್ನು ಒಬ್ಬರು ತೊಟ್ಟಿಲ ಕೆಳಗಿನಿಂದ ಕೊಟ್ಟು ಇನ್ನೊಬ್ಬರು ಮೇಲಿನಿಂದ ಇಸಿದುಕೊಂಡರು. ಅಜ್ಜಿಯನ್ನು ಎತ್ತಿ ತಂದು ಮುಂದೆ ಕೂರಿಸಿದ್ದರು. ಹಲ್ಲಿಲ್ಲದ ಬಾಯಲ್ಲಿ ಅವಳು ಯಾರನ್ನು ನೋಡಿದರೂ ನಗುತ್ತಿದ್ದಳು. ಅಷ್ಟು ಸುಖವಾಗಿ ಕುಳಿತ ಅಜ್ಜಿಯನ್ನು ನಾನು ನೋಡಿಯೇ ಇರಲಿಲ್ಲ.

ಮಗುವನ್ನು ಮಲಗಿಸಿದ ಮೇಲೆ ತಮ್ಮನ ಹೆಂಡತಿ ತನ್ನ ನಾಲ್ಕು ವರ್ಷದ ಮಗನನ್ನು ಎತ್ತಿ ತಂದು ಅವನ ಕೈಗೆ ತೊಟ್ಟಿಲ ಹಗ್ಗ ಕೊಟ್ಟಳು. "ತೂಗಲೇ ತೂಗು, ನಿನ್ನ ಹೇಣ್ತಿ ಅದು. ಹುಟ್ಟಿದ್ದೂ ಇಲ್ಲೇ, ಬರೋದೂ ಇಲ್ಲೇ!"

ಇಡೀ ಪಡಸಾಲೆ ಗೊಳ್ಳೆಂದು ನಕ್ಕಿತು. ಮಾವ "ಬರೋಬ್ಬರಿ ಆತು," ಎಂದು ಕಂಬಳಿ ಸರಿಮಾಡಿಕೊಂಡರು. ಹುಡುಗ ಏನೂ ತಿಳಿಯದೆ ಹಗ್ಗ ಜಗ್ಗತೊಡಗಿದ.

ನನಗೆ ಸಂತೋಷವಾಯಿತು. ಇದನ್ನು ಬರೆಯಬಾರದೆಂದಿದ್ದೆ, ಆದರೆ ಇಷ್ಟೆಲ್ಲ ಬರೆದು ಇದನ್ನು ಮುಚ್ಚಿಟ್ಟರೆ ಬರೆದು ಪ್ರಯೋಜನವಿಲ್ಲ. ಮಗು ನಮ್ಮ ಮನೆಗೇ ಬರುತ್ತದೆ, ನನ್ನ ಕಣ್ಣ ಮುಂದೆ ಇರುತ್ತದೆ, ನಾನೇ ಕೂರಿಸಿಕೊಂಡು ಗಣಿತ ಹೇಳಿಕೊಡಬಹುದು ಎಂದು ಆ ಒಂದು ಗಳಿಗೆಯಲ್ಲಿ ಲೆಕ್ಕ ಹಾಕಿದೆ. ತಂಗಿಯಿಂದ ತಪ್ಪಿದ್ದು ಅದರಿಂದ ಆದೀತು ಎಂದೂ ಅಂದುಕೊಂಡೆ. ಎಲ್ಲರ ಜೊತೆ ನಾನೂ ಬಾಯಿ ತುಂಬ ನಕ್ಕೆ.

ನಗುತ್ತಲೇ ಮಂಚದ ಕಡೆ ನೋಡಿದೆ. ತಲೆಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದ ತಂಗಿ ತೊಟ್ಟಿಲನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

"ಅಕ್ಕಾ," ಎಂದಳು, "ನೀನೂ ನಗಾಕತ್ತೀಯಲ್ಲ."